ಎಂಟೂವರೆ ಬ್ಯಾಂಡು ನಿಧಾನವಾಗಿದ್ದು

ನಾನೇ ಬ್ಯಾಂಡ್ ಬಿಟ್ಟೆ ಅಂತ ಊರೆಲ್ಲ ಹೇಳಿಕೊಂಡು ಓಡಾಡುತ್ತಿದೆ. ಶುದ್ಧ ಸುಳ್ಳು. ನಾನು ಬಿಡಲಿಲ್ಲ, ಅವರು ನನ್ನನ್ನು ಹೊರಗೆ ಹಾಕಲೂ ಇಲ್ಲ. ನಡೆದದ್ದು ಅದಕ್ಕಿಂತ ಅವಮಾನದ್ದು. ಒಂದು ಬುಧವಾರ ಮಧ್ಯಾಹ್ನ ಅಭ್ಯಾಸಕ್ಕೆ ಅಂತ ಹೋದರೆ, ನನ್ನ ಡ್ರಮ್ಮಿನ ಮೇಲೆ ಕೋಲುಗಳೇ ಇರಲಿಲ್ಲ. ಅವುಗಳ ಜಾಗದಲ್ಲಿ ಎರಡು ತಂತಿ ಬ್ರಶ್ ಇಟ್ಟಿದ್ದರು. "ಇನ್ಮೇಲೆ ಹೊಡೆಯೋದು ಬೇಡ ಹಾಲೇಶ, ಸುಮ್ನೆ ಸವರು, ಸಾಕು" ಅಂದ ಎಡ್ವಿನ್. ಒಂಬತ್ತು ವರ್ಷ ಈ ಊರನ್ನು ಹೊಡೆದು ಹೊಡೆದು ಕೆಲಸಕ್ಕೆ ಕಳಿಸಿದವನಿಗೆ ಸವರು ಅನ್ನುತ್ತಾನೆ! ಬ್ರಶ್ಶುಗಳನ್ನು ಅಲ್ಲೇ ಬಿಸಾಕಿ ಎದ್ದು ಬಂದೆ. ಇದನ್ನು ಬಿಡುವುದು ಅನ್ನುವುದಾದರೆ ಅನ್ನಿ.

ನಮ್ಮ ಬ್ಯಾಂಡಿನ ಹೆಸರು 'ಎಂಟೂವರೆ'. ಮೂರೇ ಜನ. ಎಡ್ವಿನ್ ಹಾಡುತ್ತಾನೆ, ಗಿಟಾರ್ ನುಡಿಸುತ್ತಾನೆ. ನಿರುಪಮಾ ಬೇಸ್ ಗಿಟಾರ್. ನಾನು ಡ್ರಮ್ಸ್. ನಮ್ಮ ಹಿಂದೆ ಯಾವ ಕಂಪನಿಯೂ ಇರಲಿಲ್ಲ. ಹಾಡು ನಾವೇ ಬರೆದು, ಎಡ್ವಿನ್ ಮನೆಯ ಅಟ್ಟಕ್ಕೆ ಗೋಣಿತಾಟು ಹೊಡೆದು ಅಲ್ಲೇ ರೆಕಾರ್ಡ್ ಮಾಡಿ, ಕ್ಯಾಸೆಟ್ಟಿನ ಮೇಲಿನ ಚಿತ್ರವನ್ನೂ ನಾವೇ ಬಿಡಿಸುತ್ತಿದ್ದೆವು. 'ಡಬ್ಬಿ ಮರೆತೆ, ಡಬ್ಬಿ ಮರೆತೆ' ಅಂತ ನಮ್ಮದೊಂದು ಹಾಡಿದೆ. ಮಧ್ಯಾಹ್ನದ ಊಟದ ಡಬ್ಬಿ ಮನೆಯಲ್ಲೇ ಬಿಟ್ಟು ಬಂದವನು ವಾಪಸ್ ಓಡುವ ಹಾಡು. ಎರಡು ನಿಮಿಷದಲ್ಲಿ ಮುಗಿಯುತ್ತದೆ. ಅದನ್ನು ಬಾರಿಸಿದರೆ ಗಡಿಯಾರದ ಚೌಕದಿಂದ ಹೈಸ್ಕೂಲಿನ ಗೇಟಿಗೆ ಮಕ್ಕಳು ಆರು ನಿಮಿಷದಲ್ಲಿ ತಲುಪುತ್ತಿದ್ದರು. ಅದಕ್ಕೆ ಕಾರಣ ನಾನು ಅಂತ ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಏಕೆಂದರೆ ನಮ್ಮೂರಲ್ಲಿ ಸಂಗೀತ ಕಿವಿಗೆ ಬಿತ್ತು ಅಂದರೆ, ನಿಂತವರ ಕಾಲು ಅದರ ತಾಳಕ್ಕೇ ನಡೆಯುತ್ತದೆ. ಬೇಡ ಅಂದರೂ ನಡೆಯುತ್ತದೆ. ಕೂತುಬಿಟ್ಟರೆ ಕಾಲು ಬಚಾವು, ಸುಮ್ಮನೆ ನೆಲ ಕುಟ್ಟುತ್ತಿರುತ್ತದೆ ಅಷ್ಟೆ. ಎರಡು ಸಂಗೀತ ಒಟ್ಟಿಗೆ ಕೇಳಿಸಿದರೆ ಯಾವುದರ ಏಟು ಜೋರೋ ಕಾಲು ಅದರದ್ದು. ಹಾಗಾಗಿ ಪ್ರತಿ ಬೀದಿಯಲ್ಲೂ ಹತ್ತು ಹೆಜ್ಜೆಗೊಂದು ಹಿಡಿಗಂಬ ನೆಟ್ಟಿದ್ದಾರೆ. ತರಕಾರಿ ಕೊಳ್ಳಬೇಕಾದವರು ಒಂದು ಕೈಯಲ್ಲಿ ಕಂಬ ತಬ್ಬಿಕೊಂಡು ಇನ್ನೊಂದು ಕೈಯಲ್ಲಿ ಬದನೆಕಾಯಿ ಆರಿಸುತ್ತಾರೆ. ಎಂಟೂವರೆಯಿಂದ ಒಂಬತ್ತೂವರೆಯ ತನಕ ಬಸ್ಸುಗಳು ಊರಾಚೆ ನಿಲ್ಲುತ್ತವೆ, ಡ್ರೈವರನ ಕಾಲನ್ನು ನಂಬುವ ಹಾಗಿಲ್ಲವಲ್ಲ. ಮೊದಲು ಓಲಗದವರು ಆ ಒಂದು ಗಂಟೆ ನುಡಿಸುತ್ತಿದ್ದರು. ಅವರಿಗೆ ವಯಸ್ಸಾಗಿ, ಊರೆಲ್ಲ ಆಕಳಿಸಿಕೊಂಡು ಕೆಲಸಕ್ಕೆ ಹೋಗುವ ಹಾಗಾಯಿತು. ಆಗ ಪುರಸಭೆಯವರು ನಮ್ಮನ್ನು ಕರೆದು ಗಡಿಯಾರದ ಚೌಕದ ಮಂಟಪದಲ್ಲಿ ಕೂರಿಸಿದರು. ಮೊದಲ ದಿನ ಊರು ನಡೆದ ರಭಸಕ್ಕೆ ಇಬ್ಬರ ಚಪ್ಪಲಿ ಕಿತ್ತುಹೋಗಿದ್ದವು.

ಇಷ್ಟೆಲ್ಲ ಆದರೂ ನನ್ನ ಅಕ್ಕ ವಿಶಾಲಾಕ್ಷಿ ಮಾತ್ರ ಒಂಬತ್ತು ವರ್ಷದಲ್ಲಿ ಒಂದೇ ಒಂದು ಸಲವೂ ನನ್ನ ಕಾರ್ಯಕ್ರಮಕ್ಕೆ ಬಂದವಳಲ್ಲ. ಇದು ನನ್ನ ಎದೆಯಲ್ಲಿ ಚುಚ್ಚಿಕೊಂಡೇ ಇದ್ದ ಮುಳ್ಳು. ಅವ್ವ ಹೋದಾಗ ನನಗೆ ಏಳು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಛತ್ರಿ ರಿಪೇರಿ ಮಾಡಿಕೊಂಡು ನನ್ನನ್ನು ಸಾಕಿದಳು. ಪಾತ್ರೆಗಳನ್ನೆಲ್ಲ ಬಡಿಯುತ್ತಿದ್ದ ನನಗೆ ಮುರಿದ ಛತ್ರಿಯ ಎರಡು ಹಿಡಿಕೆ ಕೊಟ್ಟು, "ಇದರಲ್ಲಿ ಬಡಿ, ಪಾತ್ರೆ ನೆಗ್ಗಲ್ಲ" ಅಂದವಳು ಅವಳೇ. ಅಂಥವಳು ನನ್ನ ಬ್ಯಾಂಡು ಶುರುವಾದ ಮೇಲೆ, ನಾನು ಎಂಟೂವರೆಯ ಬಾರಿಸುವಿಕೆಗೆ ಹೊರಟ ಕೂಡಲೇ ಚಾಪೆ ಹಾಸಿ ಕೂತುಬಿಡುತ್ತಿದ್ದಳು. ಪ್ರತಿ ವರ್ಷ ಹತ್ತಿ ಪ್ರೆಸ್ಸಿನ ಅಂಗಳದಲ್ಲಿ ನಮ್ಮ ದೊಡ್ಡ ಕಾರ್ಯಕ್ರಮ ಆಗುತ್ತಿತ್ತು. "ಬಾರೇ ಅಕ್ಕ, ಒಂದು ಸುತ್ತು ನಡೆದು ಹೋಗು" ಅಂತ ಕರೆಯುತ್ತಿದ್ದೆ. "ಕೆಲಸ ಇದೆ ಕಣೋ. ಇಲ್ಲಿಗೇ ಕೇಳಿಸುತ್ತಲ್ಲ" ಅನ್ನುತ್ತಿದ್ದಳು. ಅವಳಿಗೆ ನಾನು ಬಾರಿಸುವುದು ಬರೀ ಗದ್ದಲ, ಅದಕ್ಕೇ ಬರುವುದಿಲ್ಲ ಅಂತ ನಾನು ತೀರ್ಮಾನ ಮಾಡಿಕೊಂಡಿದ್ದೆ.

ಇರಲಿ, ಎಡ್ವಿನ್ ಕೆಟ್ಟ ಕಥೆಗೆ ಬರುತ್ತೇನೆ. ಅವನ ಸೋದರಮಾವ ಒಬ್ಬರು ಇಂಗ್ಲೆಂಡಿನಲ್ಲಿ ಹಡಗಿನ ಕೆಲಸ ಮಾಡಿಕೊಂಡಿದ್ದು ಊರಿಗೆ ವಾಪಸ್ ಬಂದರು. ಬರುವಾಗ ಒಂದು ಪೆಟ್ಟಿಗೆ ತುಂಬ ಕ್ಯಾಸೆಟ್ ತಂದರು. ಅಲ್ಲಿಯ ಹುಡುಗರು ತೊಂಬತ್ತರ ದಶಕದಲ್ಲಿ ಹಾಡಿದ ಬ್ರಿಟ್‌ಪಾಪ್ ಅನ್ನುವ ಗಿಟಾರ್ ಹಾಡುಗಳಂತೆ. ಎಡ್ವಿನ್ ಹದಿನೈದು ದಿನ ಅಟ್ಟದಿಂದ ಇಳಿಯಲಿಲ್ಲ. ಇಳಿದು ಬಂದಾಗ ಹಣೆಯ ಮೇಲೆ ಕೂದಲು ಬಿಟ್ಟುಕೊಂಡಿದ್ದ. ಗಿಟಾರಿಗೆ ಕಾಲಲ್ಲಿ ಒತ್ತಿ ದನಿ ಬದಲಿಸುವ ಎರಡು ಹೊಸ ಪೆಡಲ್ ಸಿಕ್ಕಿಸಿದ್ದ. ಒಂದು ತಂತಿ ಮೀಟಿದರೆ ಅದು ಬಾವಿಯೊಳಗಿಂದ ಬಂದ ಹಾಗೆ ಹತ್ತು ಸಲ ಕೇಳಿಸುತ್ತಿತ್ತು. ಹಾಡುವುದೂ ಬದಲಾಗಿತ್ತು, ನಿದ್ದೆಗಣ್ಣಲ್ಲಿ ನೀರು ಕೇಳುವವನ ಹಾಗೆ ಎಳೆಯುತ್ತಿದ್ದ. 'ಮೋಡ ಇಳಿದ ಓಣಿ' ಅಂತ ಹೊಸ ಹಾಡಂತೆ. ಏಳು ನಿಮಿಷ. ಆ ಏಳು ನಿಮಿಷದಲ್ಲಿ ಓಣಿಗೆ ಮೋಡ ಇಳಿಯುತ್ತದೆ, ಅಷ್ಟೆ. ಇನ್ನೇನೂ ಆಗುವುದಿಲ್ಲ.

"ಇದಕ್ಕೆ ಯಾರು ಗುರೂ ನಡೀತಾರೆ?" ಅಂತ ಕೇಳಿದೆ.

"ನಡೀಲೇಬೇಕು ಅಂತ ಏನಿದೆ? ತೇಲಲಿ" ಅಂದ.

ನಿರುಪಮಾ ಆದರೂ ನನ್ನ ಪರ ಮಾತಾಡುತ್ತಾಳೆ ಅಂತ ಅವಳ ಮುಖ ನೋಡಿದೆ. ಅವಳು ಬೇಸ್ ಗಿಟಾರಿನ ಕಿವಿ ತಿರುವುತ್ತಾ, "ನನಗೂ ಸಾಕಾಗಿದೆ ಹಾಲೇಶ. ಒಂಬತ್ತು ವರ್ಷದಿಂದ ಅದೇ ಓಟ. ಬೆರಳು ನೋಡು ಹೇಗಾಗಿದೆ" ಅಂದಳು. ಬೆರಳಂತೆ! ನನ್ನ ಅಂಗೈಯ ಗಡ್ಡೆಗಳನ್ನು ಯಾರಿಗೆ ತೋರಿಸಲಿ ನಾನು? ಅದಾಗಿ ಎರಡೇ ದಿನಕ್ಕೆ ಬ್ರಶ್ ಬಂದವು.

ಮುಂದಿನ ಸೋಮವಾರ ನಾನಿಲ್ಲದೆಯೇ ಇಬ್ಬರೂ ಮಂಟಪದಲ್ಲಿ ಕೂತು ಹೊಸ ಹಾಡು ಶುರು ಮಾಡಿದರು. ನಾನು ಜಗಲಿಯ ಮೇಲೆ ಕೂತು ನೋಡಿದೆ. ಊರಿಗೆ ಊರೇ ಒಂದು ಹೆಜ್ಜೆ ಎತ್ತಿ, ಅದನ್ನು ಇಡುವುದೋ ಬೇಡವೋ ಅಂತ ಯೋಚಿಸುವ ಹಾಗೆ ಗಾಳಿಯಲ್ಲಿ ನಿಲ್ಲಿಸಿ, ಆಮೇಲೆ ಇಟ್ಟಿತು. ಹಾಲಿನವರು ಮನೆ ತಲುಪುವ ಹೊತ್ತಿಗೆ ಕಾಫಿಯ ಹೊತ್ತು ಕಳೆದಿತ್ತು. ಮಕ್ಕಳು ಹೈಸ್ಕೂಲಿಗೆ ಸೇರಿದ್ದು ಹಾಡು ನಿಂತ ಮೇಲೆ, ಒಂಬತ್ತೂವರೆ ದಾಟಿದ ಮೇಲೆ. ಹೆಡ್‌ಮೇಷ್ಟ್ರು ಪಂಚಾಕ್ಷರಿಯವರು ಹಿಡಿಗಂಬ ತಬ್ಬಿಕೊಂಡು ಪ್ರಾರ್ಥನೆಗೆ ನಿಂತು ನಿಂತು ಕಾಲು ನೋವು ಬಂದು, ಕೊನೆಗೆ ಖಾಲಿ ಮೈದಾನದಲ್ಲಿ ಒಬ್ಬರೇ ಪ್ರಾರ್ಥನೆ ಮಾಡಿದರಂತೆ. ಸರಿ, ಈಗ ದಂಗೆ ಏಳುತ್ತದೆ ಅಂತ ನಾನು ಕಾದೆ. ನಾಳೆ ಜನ ನನ್ನ ಮನೆ ಬಾಗಿಲಿಗೆ ಬಂದು ಹಾಲೇಶಣ್ಣ ನೀವೇ ಕಾಪಾಡಬೇಕು ಅನ್ನುತ್ತಾರೆ ಅಂತ ಹೊಸ ಅಂಗಿ ತೆಗೆದಿಟ್ಟೆ.

ಬಂದರಾ? ಒಬ್ಬ ನರಪಿಳ್ಳೆಯೂ ಬರಲಿಲ್ಲ. ಒಂದೇ ವಾರದಲ್ಲಿ ಊರು ಹೊಂದಿಕೊಂಡುಬಿಟ್ಟಿತು. ಮಕ್ಕಳನ್ನು ಏಳೂವರೆಗೇ ಎಬ್ಬಿಸಿ ಎಂಟೂಕಾಲಿಗೇ ಹೊರಡಿಸಿದರು. ಪುರಸಭೆಯವರು ಕಚೇರಿಯ ಗಂಟೆಯನ್ನೇ ಮುಕ್ಕಾಲು ಗಂಟೆ ಮುಂದಕ್ಕೆ ಹಾಕಿದರು. ಹೋಟೆಲಿನವರು ದೋಸೆ ಹಾಕುವವನ ಪಕ್ಕದಲ್ಲಿ ಒಂದು ಹಿಡಿಗಂಬ ಕಿತ್ತುಹಾಕಿ ಎರಡು ಬೆಂಚು ಹಾಕಿದರು. ಜನ ನಿಧಾನಕ್ಕೆ ಹೋಗುತ್ತಾ ಒಬ್ಬರನ್ನೊಬ್ಬರು ಮಾತಾಡಿಸುವುದು ಬೇರೆ. ಹಲ್ಲು ಕಿರಿಯುವುದು ಬೇರೆ. ಒಂಬತ್ತು ವರ್ಷದ ಚುರುಕನ್ನು ಒಂದು ವಾರದಲ್ಲಿ ಮರೆತ ಈ ಊರಿಗೆ ಮಾನ, ರೋಷ ಏನಾದರೂ ಇದೆಯೇ ಅಂತ ನನಗೆ ಮೈಯೆಲ್ಲ ಉರಿದುಹೋಯಿತು.

ಮನೆಯಲ್ಲಿ ಇನ್ನೂ ದೊಡ್ಡ ಉರಿ ಕಾದಿತ್ತು. ಒಂದು ದಿನ ಅಕ್ಕ ಛತ್ರಿಯ ಕಡ್ಡಿಗೆ ಬಟ್ಟೆ ಹೊಲಿಯುತ್ತಾ ಅದೇ ದರಿದ್ರ ಹಾಡನ್ನು ಗುನುಗುತ್ತಿದ್ದಳು. ನಾನು ತಟ್ಟೆ ಮುಂದೆ ಕೂತವನು ಎದ್ದೆ.

"ನನ್ನ ಒಂದು ಹಾಡಾದರೂ ಹೀಗೆ ಗುನುಗಿದ್ದೀಯೇನೆ?"

"ನಿನ್ನ ಹಾಡು ಗುನುಗೋಕೆ ಉಸಿರೇ ಸಾಲಲ್ಲ ಕಣೋ" ಅಂದಳು. ನಗುತ್ತಲೇ ಅಂದಳು. ಆಮೇಲೆ ದಾರ ಕಚ್ಚಿ ಕತ್ತರಿಸಿ, "ಭಾನುವಾರ ಪ್ರೆಸ್ಸಿನ ಅಂಗಳದಲ್ಲಿ ಎಷ್ಟೊತ್ತಿಗೆ ಶುರು ಅಂತೆ?" ಅಂತ ಕೇಳಿದಳು.

"ನನಗೇನು ಗೊತ್ತು? ನಾನು ಆ ಬ್ಯಾಂಡಿನವನಾ?" ಅಂತ ಕಿರುಚಿ, ಊಟ ಬಿಟ್ಟು ಹೊರಗೆ ಬಂದೆ. ಯಾಕೆ ಕೇಳಿದಳು ಅಂತ ಯೋಚಿಸಲೇ ಇಲ್ಲ. ಅಷ್ಟು ಕೋಪ.

ನೆಟ್ಟಗೆ ಪಂಚಾಕ್ಷರಿ ಮೇಷ್ಟ್ರ ಹತ್ತಿರ ಹೋದೆ. ಊರಿನಲ್ಲಿ ನನ್ನಷ್ಟೇ ಉರಿದುಕೊಂಡಿದ್ದವರು ಅವರೊಬ್ಬರೇ. "ಶಿಸ್ತು ಅನ್ನೋದೇ ಹೋಯ್ತು ಹಾಲೇಶ್. ಮಕ್ಕಳು ದಾರಿ ಉದ್ದಕ್ಕೂ ಹಕ್ಕಿ ನೋಡ್ಕೊಂಡು ಬರ್ತಾರೆ" ಅಂತ ಅವರೂ ಕುದಿಯುತ್ತಿದ್ದರು. ಹತ್ತಿ ಪ್ರೆಸ್ಸಿನ ಅಂಗಳಕ್ಕೆ ಅಂಟಿಕೊಂಡೇ ಹೈಸ್ಕೂಲಿನ ತಾರಸಿ. ಸ್ಕೂಲಿನಲ್ಲಿ ಕವಾಯತಿನ ದೊಡ್ಡ ಡ್ರಮ್ ಇತ್ತು. ಇಬ್ಬರೂ ಸೇರಿ ಏನು ಮಾಡಿದೆವು ಅಂತ ಬಿಡಿಸಿ ಹೇಳಬೇಕಾಗಿಲ್ಲ. ಮೇಷ್ಟ್ರು ತಾರಸಿಯ ಬೀಗದ ಕೈ ಕೊಟ್ಟರು. "ಊರಿಗೆ ಒಂದ್ಸಲ ನೆನಪು ಮಾಡ್ಸಿ ಸಾಕು" ಅಂದರು. ನಾನೂ ಅಷ್ಟೇ ಅಂದುಕೊಂಡಿದ್ದೆ. ಊರಿನ ಕಾಲಿಗೆ ನಾನು ಯಾರು ಅಂತ ನೆನಪಾಗಬೇಕು.

ನಮ್ಮೂರ ಕಾರ್ಯಕ್ರಮಗಳಲ್ಲಿ ಕುರ್ಚಿ ಹಾಕುವುದಿಲ್ಲ. ನಡುವೆ ವೇದಿಕೆ, ಸುತ್ತ ಜನ. ಹಾಡು ಶುರುವಾದರೆ ಎಲ್ಲರೂ ವೇದಿಕೆಯ ಸುತ್ತ ಸುತ್ತುತ್ತಾರೆ. ನಾಲ್ಕು ಸುತ್ತು ಹಾಕಿದೆ, ಐದು ಸುತ್ತು ಹಾಕಿದೆ ಅಂತ ಆಮೇಲೆ ಹೇಳಿಕೊಳ್ಳುತ್ತಾರೆ. ಭಾನುವಾರ ಸಂಜೆ ಐದಕ್ಕೆ ಶುರುವಾಯಿತು. ನಾನು ತಾರಸಿಯ ಗೋಡೆಗೆ ಒರಗಿ ಕೂತು, ಡ್ರಮ್ಮನ್ನು ಮುಂದೆ ಇಟ್ಟುಕೊಂಡಿದ್ದೆ. ಕೆಳಗೆ ಊರಿಗೆ ಊರೇ ಬಂದಿತ್ತು. ಅಷ್ಟು ಜನ ನನ್ನ ಕಾಲದಲ್ಲಿ ಎಂದೂ ಬಂದಿರಲಿಲ್ಲ ಅನ್ನುವುದನ್ನು ನಾನು ಆಗ ಒಪ್ಪಿಕೊಳ್ಳಲಿಲ್ಲ. ಎರಡು ಹಾಡು ಸಹಿಸಿಕೊಂಡೆ. ಮೂರನೆಯದು 'ಮೋಡ ಇಳಿದ ಓಣಿ'. ಗಿಟಾರ್ ಬಾವಿಯೊಳಗಿಂದ ಕೂಗುತ್ತಿತ್ತು, ಜನ ಒಂದೊಂದೇ ಹೆಜ್ಜೆ ಎತ್ತಿ ಇಡುತ್ತಿದ್ದರು. ಎಡ್ವಿನ್ ಕಣ್ಣು ಮುಚ್ಚಿಕೊಂಡ. ಆ ಕಣ್ಣು ಮುಚ್ಚಿದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಕೋಲು ಎತ್ತಿ 'ಡಬ್ಬಿ ಮರೆತೆ'ಯ ತಾಳ ಹೊಡೆದೆ.

ಆಹಾ, ಏನು ಹೇಳಲಿ! ಒಂದೇ ಏಟಿಗೆ ಇಡೀ ಅಂಗಳ ನನ್ನದಾಯಿತು. ತೇಲುತ್ತಿದ್ದ ಕಾಲುಗಳೆಲ್ಲ ನೆಲಕ್ಕೆ ಬಿದ್ದು ದಡದಡ ಅಂತ ಓಡತೊಡಗಿದವು. ಸೀರೆ ಎತ್ತಿ ಹಿಡಿದುಕೊಂಡು ಹೆಂಗಸರು, ಕನ್ನಡಕ ಒತ್ತಿ ಹಿಡಿದುಕೊಂಡು ಗುಮಾಸ್ತರು, ಎಲ್ಲರೂ ಬೆಚ್ಚಿದ ಮುಖ ಹೊತ್ತು ವೇದಿಕೆಯ ಸುತ್ತ ಗರಗರ ತಿರುಗಿದರು. ಎಡ್ವಿನ್ ಕಣ್ಣು ತೆರೆದು ಎತ್ತೆತ್ತಲೋ ನೋಡಿದ. ನಾನು ಜೋರಾಗಿ ನಕ್ಕೆ. ಹೊಡೀರಿ ಈಗ ನಿಮ್ಮ ಪೆಡಲ್ಲು ಅಂದೆ. ಆಮೇಲೆ ಜನ ಒಂದು ಕಡೆ ಇಬ್ಭಾಗವಾಗುವುದು ಕಾಣಿಸಿತು. ನಡುವೆ ಏನೋ ಇದೆ, ಅದನ್ನು ಬಳಸಿಕೊಂಡು ಓಡುತ್ತಿದ್ದಾರೆ.

ನಡುವೆ ಇದ್ದವಳು ನನ್ನ ಅಕ್ಕ.

ಅಕ್ಕನ ಎಡಗಾಲು ಬಲಗಾಲಿಗಿಂತ ಮೂರು ಬೆರಳು ಗಿಡ್ಡ. ಹುಟ್ಟಿದಾಗಿನಿಂದ ಹಾಗೆ. ಈ ಮಾತನ್ನು ನಾನು ಮೊದಲೇ ಯಾಕೆ ಹೇಳಲಿಲ್ಲ ಅಂತ ನೀವು ಕೇಳಬಹುದು. ನನಗೆ ಅದು ನೆನಪೇ ಇರುತ್ತಿರಲಿಲ್ಲ, ಸ್ವಾಮಿ. ಮನೆಯಲ್ಲಿ ದಿನಾ ನೋಡುವ ಕಾಲು, ಅದಕ್ಕೊಂದು ಹೆಸರು ಯಾಕೆ ಬೇಕು? ಈಗ ಆ ಕಾಲು ನನ್ನ ತಾಳಕ್ಕೆ ಏಳಲು ಹೋಗಿ, ಏಳಲಾಗದೆ, ಮುಗ್ಗರಿಸಿತು. ಪಕ್ಕದಲ್ಲಿ ಹಿಡಿಗಂಬ ಇತ್ತು. ಕೈ ಚಾಚಿದಳು, ಎಟುಕಲಿಲ್ಲ. ಬಿದ್ದಳು. ಸುತ್ತಲಿನವರು ಬಗ್ಗಿ ಎತ್ತಲು ಕೈ ಚಾಚುತ್ತಿದ್ದರು, ಆದರೆ ಅವರ ಕಾಲು ಅವರನ್ನು ಎಳೆದುಕೊಂಡು ಹೋಗುತ್ತಿತ್ತು. ಎಳೆಯುತ್ತಿದ್ದವನು ನಾನು. ಇನ್ನೊಂದು ಮಾತು ಹೇಳಬೇಕು, ಇದನ್ನು ಯಾರಿಗೂ ಹೇಳಿಲ್ಲ. ಅವಳು ಬಿದ್ದದ್ದನ್ನು ಕಂಡ ಮೇಲೂ ನನ್ನ ಕೈ ನಿಲ್ಲಲಿಲ್ಲ. ಹಿಡಿದ ಆವರ್ತ ಮುಗಿಸದೆ ಕೋಲು ಕೆಳಗಿಡುವ ಅಭ್ಯಾಸ ಇಲ್ಲದ ಕೈ ಅದು. ನಾಲ್ಕು ಏಟು ಬಾಕಿ ಇದ್ದವು, ನಾಲ್ಕನ್ನೂ ಹೊಡೆಯಿತು. ಆ ನಾಲ್ಕು ಏಟಿಗೆ ಅಕ್ಕ ನೆಲದ ಮೇಲೆ ಎರಡು ಸಲ ಏಳಲು ಹೋಗಿ ಎರಡು ಸಲ ಬಿದ್ದಳು.

ತಾರಸಿಯಿಂದ ಹೇಗೆ ಇಳಿದೆನೋ ಗೊತ್ತಿಲ್ಲ. ಅಂಗಳದಲ್ಲಿ ಗಿಟಾರೂ ನಿಂತಿತ್ತು, ಎಲ್ಲರ ಕಾಲೂ ಅವರವರದ್ದಾಗಿತ್ತು. ನಿರುಪಮಾ ಅಕ್ಕನ ಅಂಗೈಗೆ ಕರವಸ್ತ್ರ ಕಟ್ಟುತ್ತಿದ್ದಳು. ಅಕ್ಕ ಧೂಳಿನಲ್ಲಿ ಕೂತು ನನ್ನನ್ನು ನೋಡಿದಳು. ಅವಳು ಉಟ್ಟಿದ್ದು ಪೆಟ್ಟಿಗೆಯಲ್ಲಿ ಮಡಿಸಿ ಇಡುತ್ತಿದ್ದ ನೇರಳೆ ಬಣ್ಣದ ಸೀರೆ.

"ಏನೇ ಇದು, ಇಲ್ಲಿಗೆ ಯಾಕೆ ಬಂದೆ ನೀನು?" ಅಂತ ಬೈದೆ. ನಿಜವಾಗಿ ಬೈದೆ. ಬಾಯಿಗೆ ಬಂದದ್ದು ಅದೇ.

"ನಿನ್ನ ಬ್ಯಾಂಡ್ ನೋಡೋಕೆ ಬಂದೆ. ನೀನು ಅಲ್ಲಿ ಕೂತಿರ್ತೀಯ, ಕೋಪ ಇಳಿದು ಬಂದೇ ಬಂದಿರ್ತೀಯ ಅನ್ಕೊಂಡಿದ್ದೆ" ಅಂದಳು. ವೇದಿಕೆಯ ಮೇಲೆ ನನ್ನ ಖಾಲಿ ಸ್ಟೂಲನ್ನು ಗದ್ದದಿಂದ ತೋರಿಸಿದಳು.

"ಒಂಬತ್ತು ವರ್ಷ ಕರೆದೆನಲ್ಲ, ಆಗ ಬರಲಿಲ್ಲ!"

"ಹೇಗೆ ಬರಲೋ? ಬಂದಿದ್ರೆ ಮೊದಲನೇ ದಿನವೇ ಹೀಗೆ ಬೀಳ್ತಿದ್ದೆ. ಓಲಗದವರು ಇದ್ದಾಗ ನಾನೇ ಸಂತೆಗೆ ಹೋಗಿ ಬರ್ತಿರಲಿಲ್ವಾ? ನೀನು ಶುರು ಮಾಡಿದೆ, ನಾನು ಕೂತೆ."

"ಹೇಳಬಾರದಿತ್ತಾ?" ಅಂದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ. "ಒಂದು ಮಾತು ಹೇಳಿದ್ರೆ ಏನು ಹೋಗ್ತಿತ್ತು ನಿಂದು? ನಾನೇನು ರಾಕ್ಷಸನಾ?"

"ಏನಂತ ಹೇಳಲಿ, ನಿಧಾನ ಬಾರಿಸು ಅಂತಲಾ? ಊರೆಲ್ಲ ನಿನ್ನ ಹೊಗಳ್ತಿತ್ತು. ನೀನು ಮನೆಗೆ ಬಂದ್ರೆ ಕುಣೀತಾ ಬರ್ತಿದ್ದೆ." ಆಮೇಲೆ ಅವಳ ದನಿಯೂ ಏರಿತು. ನನ್ನನ್ನು ಸಾಕಿದ ಇಷ್ಟು ವರ್ಷದಲ್ಲಿ ಆ ದನಿ ನಾನು ಕೇಳಿರಲಿಲ್ಲ. "ನಾನ್ಯಾಕೋ ಹೇಳಬೇಕು? ಒಂದೇ ಮನೇಲಿ ಇದ್ದೀಯ. ಎರಡು ಕಣ್ಣಿದೆ. ದಿನಾ ಎಂಟೂವರೆಗೆ ಅಕ್ಕ ಯಾಕೆ ಚಾಪೆ ಹಾಸ್ಕೊಂಡು ಕೂರ್ತಾಳೆ ಅಂತ ನಿನಗೆ ಕಾಣಿಸಬೇಕಿತ್ತು!"

ಸುತ್ತ ನಿಂತ ಜನ ನೆಲ ನೋಡುತ್ತಿದ್ದರು. ಅವರಿಗೆಲ್ಲ ಗೊತ್ತಿತ್ತು. ನಿಂತಿದ್ದ ರೀತಿಯಲ್ಲೇ ತಿಳಿಯುತ್ತಿತ್ತು. ಅವರ ಮನೆಗಳಲ್ಲೂ ಒಬ್ಬೊಬ್ಬರು ಹಾಗೆ ಕೂತಿದ್ದರು ಅಂತ ಆಮೇಲೆ ಗೊತ್ತಾಯಿತು. ಬಸುರಿಯರು, ಮಂಡಿನೋವಿನವರು, ಹೋಟೆಲಿನವರ ಅತ್ತೆ, ಪಂಚಾಕ್ಷರಿ ಮೇಷ್ಟ್ರ ಸ್ವಂತ ತಮ್ಮ. ಇವತ್ತು ಎಲ್ಲರೂ ಬಂದಿದ್ದರು. ಅದಕ್ಕೇ ಅಷ್ಟು ಜನ. ನನಗೆ ಅವರ ಮೇಲೂ ಸಿಟ್ಟು ಬಂತು. ಒಂಬತ್ತು ವರ್ಷ ನನ್ನ ಬೆನ್ನು ತಟ್ಟಿ, ಶಭಾಷ್ ಹಾಲೇಶಣ್ಣ ಅಂದು, ಮನೆಗೆ ಹೋಗಿ ಅವರವರ ಅಕ್ಕಂದಿರಿಗೆ ಚಾಪೆ ಹಾಸಿಕೊಟ್ಟ ಜನ! ಒಬ್ಬನಾದರೂ ಬಂದು ನನ್ನ ಕೆನ್ನೆಗೆ ಬಾರಿಸಿದ್ದರೆ ಆಗುತ್ತಿರಲಿಲ್ಲವೇ?

ಅಕ್ಕನನ್ನು ಎತ್ತಿಕೊಳ್ಳಲು ಬಗ್ಗಿದೆ. "ಮನೆಗೆ ಹೋಗೋಣ ನಡಿ, ಹೊತ್ಕೊಂಡು ಹೋಗ್ತೀನಿ" ಅಂದೆ.

ಅವಳು ನನ್ನ ಕೈ ತಳ್ಳಿ, ಹಿಡಿಗಂಬ ಹಿಡಿದು ತಾನೇ ಎದ್ದು ನಿಂತಳು. ಸೀರೆಯ ಧೂಳು ಕೊಡವಿದಳು. "ಹೊತ್ಕೊಂಡು ಹೋಗೋಕೆ ನಾನೇನು ಮೂಟೆನಾ? ಎರಡು ಸುತ್ತೂ ಮುಗಿಸಿರಲಿಲ್ಲ. ನಾನು ಐದು ಹಾಕ್ಬೇಕು ಅಂತ ಬಂದಿದ್ದೀನಿ. ಬಾರಿಸೋಕೆ ಅಷ್ಟು ಆಸೆ ಇದ್ರೆ ಹೋಗಿ ಅಲ್ಲಿ ಕೂತ್ಕೋ. ಅವರು ಹೇಳಿದ ಹಾಗೆ ಬಾರಿಸು."

ವೇದಿಕೆ ಹತ್ತಿದೆ. ನನ್ನ ಸ್ಟೂಲಿನ ಮೇಲೆ ಕೂತೆ. ಎಡ್ವಿನ್ ಗಿಟಾರನ್ನು ಮತ್ತೆ ಹೆಗಲಿಗೆ ಹಾಕಿಕೊಂಡ. ಬ್ರಶ್ ಎಲ್ಲಿ ಅಂತ ನೋಡಿದೆ, ಡ್ರಮ್ಮಿನ ಮೇಲೇ ಇದ್ದವು. ನಾನು ಬಿಸಾಕಿದ್ದನ್ನು ಯಾರೋ ತೆಗೆದು ತಂತಿ ನೇರ ಮಾಡಿ ತಂದಿಟ್ಟಿದ್ದರು. 'ಮೋಡ ಇಳಿದ ಓಣಿ' ಮತ್ತೆ ಮೊದಲಿನಿಂದ ಶುರುವಾಯಿತು. ಆ ಹಾಡಿನಲ್ಲಿ ಎರಡು ಏಟಿನ ನಡುವೆ ಎಷ್ಟು ಜಾಗ ಇದೆ ಅಂದರೆ, ನನ್ನ ಹಳೆಯ ಒಂದು ಇಡೀ ಸಾಲು ಅದರಲ್ಲಿ ಹಿಡಿಯುತ್ತದೆ. ಆ ಜಾಗವನ್ನು ತುಂಬಬಾರದು. ಕೈ ತುಂಬುತ್ತೇನೆ ಅನ್ನುತ್ತದೆ, ತಡೆಯಬೇಕು. ಒಂದು ಸಲ ಸವರಿ ಅಕ್ಕನ ಕಡೆ ನೋಡುತ್ತಿದ್ದೆ. ಬಲಗಾಲು ಇಡುತ್ತಿದ್ದಳು. ಎಡಗಾಲು ನಿಧಾನಕ್ಕೆ ಏಳುತ್ತಿತ್ತು, ಅರ್ಧ ವೃತ್ತ ಸುತ್ತಿ ಮುಂದೆ ಬರುತ್ತಿತ್ತು, ನೆಲ ಮುಟ್ಟುತ್ತಿತ್ತು. ಮುಟ್ಟಿದ ಮೇಲೆ ಮತ್ತೆ ಸವರುತ್ತಿದ್ದೆ. ಅವಳ ಹಿಂದೆ ಹೋಟೆಲಿನವರ ಅತ್ತೆ, ಅವರ ಹಿಂದೆ ಉಳಿದವರು, ಯಾರೂ ಅವಳನ್ನು ದಾಟಿ ಹೋಗಲಿಲ್ಲ. ನನ್ನ ಮುಂದಿನಿಂದ ಹಾದುಹೋದಾಗ ಅಕ್ಕ ತಲೆ ಎತ್ತಲಿಲ್ಲ, ಅವಳ ಗಮನವೆಲ್ಲ ಕಾಲಿನ ಮೇಲಿತ್ತು. ಅವಳ ತುಟಿ ಮಾತ್ರ ಹಾಡುತ್ತಿತ್ತು.

ಏಳು ನಿಮಿಷ ಕಳೆದು ಹಾಡು ಮುಗಿಯುತ್ತಾ ಬಂತು. ಎಡ್ವಿನ್ ನನ್ನ ಕಡೆ ಬಗ್ಗಿ, ಮೆಲ್ಲಗೆ, ಹೆದರಿಕೊಂಡೇ ಕೇಳಿದ: "ಹಾಡು ಪರವಾಗಿಲ್ಲ ಅಲ್ವಾ ಹಾಲೇಶ?"

"ದರಿದ್ರವಾಗಿದೆ" ಅಂದೆ. "ಮತ್ತೆ ಮೊದಲಿಂದ ಹಿಡಿ. ಅಕ್ಕನಿಗೆ ಇನ್ನೂ ಮೂರು ಸುತ್ತು ಬಾಕಿ ಇದೆ."